ಪಾರ್ಕಿನ್ಸನ್ ಇರುವ ಮನೆಗೆ: ಗುರುತು ಹಿಡಿಯುವುದರಿಂದ ಗುಳಿಗೆಯ ಹೊತ್ತಿನವರೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಂದ ಎರಡು ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಒಂದು: “ಅಪ್ಪಗ ಕೈ ನಡಗಾಕ ಹತ್ಯಾವ್ರೀ, ನರಕ್ಕ ಯಾವ ಇಂಜೆಕ್ಷನ್ ಛಲೋ?” ಇನ್ನೊಂದು: “ಡಾಕ್ಟ್ರು ಗುಳಿಗಿ ಬರದು ಕೊಟ್ಟಾರ, ಒಮ್ಮೆ ಹತ್ತತೈತಿ, ಒಮ್ಮೆ ಹತ್ತಂಗಿಲ್ಲ, ಯಾಕ?”

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಊರಿನ ಕ್ಲಿನಿಕ್‌ಗಳಲ್ಲಿ “ನರದ ಇಂಜೆಕ್ಷನ್” ಎಂದು ಹಾಕುವ ಬಿ12 ಸೂಜಿಯಿಂದ ಪಾರ್ಕಿನ್ಸನ್ ಇಳಿಯುವುದಿಲ್ಲ. ಎರಡನೆಯದರ ಉತ್ತರ ಬಹಳ ಸಲ ಗುಳಿಗೆಯಲ್ಲಿ ಇರುವುದಿಲ್ಲ, ಅದನ್ನು ನುಂಗುವ ಹೊತ್ತಿನಲ್ಲಿ ಇರುತ್ತದೆ. ಹಾಗಾಗಿ ಈ ಬರಹದಲ್ಲಿ ನಾಲ್ಕನೇ ಹಂತವೇ ಎಲ್ಲಕ್ಕಿಂತ ಉದ್ದ. ತುರ್ತಿದ್ದವರು ನೇರ ಅಲ್ಲಿಗೇ ಹೋಗಬಹುದು. ಡೋಸ್ ಏರಿಸುವುದು, ಇಳಿಸುವುದು ಮಾತ್ರ ಯಾವತ್ತೂ ವೈದ್ಯರ ಕೆಲಸ.

ಕಾಯಿಲೆ ಏನೆಂದು ಎರಡು ಮಾತು. ಮಿದುಳಿನ ಒಳಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳ ಒಂದು ಗುಂಪಿದೆ. ನಡೆಯುವುದು, ತಿರುಗುವುದು, ಗುಂಡಿ ಹಾಕುವುದು ಇವೆಲ್ಲ ಸರಾಗವಾಗಿ ಆಗಲು ಡೋಪಮೈನ್ ಬೇಕು. ಆ ಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುವುದೇ ಪಾರ್ಕಿನ್ಸನ್. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ. ಇದು ಲಕ್ವಾ ಅಲ್ಲ, ಅಂಟುರೋಗವಲ್ಲ, ಗಾಳಿ ಸೋಕಿದ್ದೂ ಅಲ್ಲ. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ಸರಿಯಾಗಿ ಚಿಕಿತ್ಸೆ ನಡೆದರೆ ಬಹಳ ವರ್ಷ ತಮ್ಮ ಕೆಲಸ ತಾವು ಮಾಡಿಕೊಂಡು ಇರಬಹುದು.

ಹಂತ 1: ನಡುಕವೊಂದನ್ನೇ ನೋಡಬೇಡಿ

ನಡುಕವೇ ಇಲ್ಲದ ಪಾರ್ಕಿನ್ಸನ್ ಇದೆ, ಪಾರ್ಕಿನ್ಸನ್ ಅಲ್ಲದ ನಡುಕವೂ ಇದೆ. ವೈದ್ಯರು ಮೊದಲು ಹುಡುಕುವುದು ನಿಧಾನಗತಿಯನ್ನು. ಅದರ ಜೊತೆಗೆ ಬಿಗಿತವೋ ನಡುಕವೋ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮನೆಯಲ್ಲೇ ಇವನ್ನು ಗಮನಿಸಿ:

- ಕಟ್ಟೆಯ ಮೇಲೆ ತೊಡೆಗೆ ಕೈ ಇಟ್ಟು ಸುಮ್ಮನೆ ಕೂತಾಗ ಕೈ ನಡುಗಿ, ಚಹಾದ ಕಪ್ ಎತ್ತಿದ ಕೂಡಲೇ ನಡುಕ ತಗ್ಗಿದರೆ ಅದು ಪಾರ್ಕಿನ್ಸನ್ ರೀತಿಯ ನಡುಕ. ಸುಮ್ಮನಿದ್ದಾಗ ಇಲ್ಲದೆ ಕಪ್ ಎತ್ತಿದಾಗಲೇ ತುಳುಕಿದರೆ ಅದು ಹೆಚ್ಚಾಗಿ ಬೇರೆ ತೊಂದರೆ, ಅದಕ್ಕೆ ಔಷಧವೂ ಬೇರೆ.
- ನಡೆಯುವಾಗ ಒಂದೇ ಕಡೆಯ ಕೈ ಬೀಸದೆ ಮೈಗೆ ಅಂಟಿಕೊಂಡಿರುವುದು. ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಪಕ್ಕದಿಂದ ಶುರುವಾಗುತ್ತದೆ.
- ಹೆಬ್ಬೆರಳು, ತೋರುಬೆರಳನ್ನು ಅಗಲವಾಗಿ ತೆರೆದು 10 ಸಲ ತಟ್ಟಲು ಹೇಳಿ. ತಟ್ಟುತ್ತಾ ಹೋದಂತೆ ಅಂತರ ಕಿರಿದಾಗಿ ಕೈ ತಡವರಿಸುತ್ತದೆಯೇ ನೋಡಿ.
- ಒಂದೇ ಸಾಲನ್ನು ಹತ್ತು ಸಲ ಬರೆಸಿ. ಕೊನೆಯ ಸಾಲುಗಳಲ್ಲಿ ಅಕ್ಷರ ಇರುವೆ ಸಾಲಿನಷ್ಟು ಸಣ್ಣದಾಗುತ್ತದೆಯೇ? ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಎಂದು ಹಿಂದೆ ಕಳಿಸುವುದೂ ಇದೇ ಕಾರಣಕ್ಕೆ ಇರಬಹುದು.
- ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಝಾಡಿಸಿ ಕೂಗಾಡುವುದು. ಈ ಮೂರೂ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಒಂದೊಂದಾಗಿ ಬಂದರೆ ಹೆದರಬೇಕಿಲ್ಲ, ಮೇಲಿನವುಗಳ ಜೊತೆ ಸೇರಿದರೆ ವೈದ್ಯರಿಗೆ ಹೇಳಿ.

ಭುಜ ಹಿಡಿದುಕೊಂಡಿದೆ ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಆಮೇಲೆ ಅದು ಪಾರ್ಕಿನ್ಸನ್‌ನ ಬಿಗಿತ ಎಂದು ಗೊತ್ತಾಗುವುದು ಅಪರೂಪವಲ್ಲ. ಇನ್ನು “ವಯಸ್ಸಾತು ಬಿಡ್ರಿ” ಎಂಬ ಮಾತು. ವಯಸ್ಸಿನಿಂದ ಎರಡೂ ಪಕ್ಕ ಒಂದೇ ಸಮ ನಿಧಾನವಾಗಬಹುದು. ಒಂದೇ ಕೈ, ಒಂದೇ ಕಾಲು ಹಿಂದೆ ಬಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು. ನಲವತ್ತು, ಐವತ್ತರ ಪ್ರಾಯದವರಿಗೂ ಇದು ಬರುತ್ತದೆ.

ಹಂತ 2: ಈಗಾಗಲೇ ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನು ಹರವಿ ನೋಡಿ

ಈ ಹಂತವನ್ನು ಬಹುತೇಕ ಮನೆಯವರು ಬಿಟ್ಟುಬಿಡುತ್ತಾರೆ. ಕೆಲವು ಔಷಧಗಳು ಮಿದುಳಿನಲ್ಲಿ ಡೋಪಮೈನ್ ಕೆಲಸ ಮಾಡದಂತೆ ತಡೆದು ಥೇಟ್ ಪಾರ್ಕಿನ್ಸನ್‌ನಂತೆಯೇ ಕಾಣುವ ತೊಂದರೆ ತರುತ್ತವೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವವು:

- ಲೆವೊಸಲ್ಪಿರೈಡ್. ಗ್ಯಾಸ್, ಎದೆಯುರಿಗೆ ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ ಸೇರಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೇಳಿ ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ.
- ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್. ವಾಂತಿ ನಿಲ್ಲಲು ಕೊಡುವಂಥವು.
- ಸಿನ್ನರಿಜಿನ್, ಫ್ಲುನರಿಜಿನ್. ತಲೆಸುತ್ತು, ಅರೆತಲೆನೋವಿಗೆ.
- ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಮುಂತಾದ ಮಾನಸಿಕ ಕಾಯಿಲೆಯ ಔಷಧಗಳು. ಇವನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರ ಹತ್ತಿರವೇ ಮಾತಾಡಿ.

ಗುಳಿಗೆ ಪಟ್ಟಿಯ ಹಿಂಭಾಗದಲ್ಲಿ ದಪ್ಪಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಈ ಹೆಸರುಗಳು ಇರುತ್ತವೆ. ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಕಾರಣ ಈ ಔಷಧವೇ ಆಗಿದ್ದರೆ, ನಿಲ್ಲಿಸಿದ ಮೇಲೆ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಹೆಚ್ಚಿನವರು ಸುಧಾರಿಸುತ್ತಾರೆ. ಪಾರ್ಕಿನ್ಸನ್ ನಿಜವಾಗಿ ಇರುವವರಿಗಂತೂ ಇವು ಉರಿಯುವ ಬೆಂಕಿಗೆ ತುಪ್ಪ.

ಹಂತ 3: ಯಾರ ಹತ್ತಿರ ಹೋಗುವುದು, ಏನು ಒಯ್ಯುವುದು

ನೋಡಬೇಕಾದವರು ನ್ಯೂರಾಲಜಿಸ್ಟ್, ಅಂದರೆ ಮಿದುಳು ಮತ್ತು ನರಗಳ ತಜ್ಞರು. ಹತ್ತಿರದಲ್ಲಿ ಸಿಗದಿದ್ದರೆ ಎಂ.ಡಿ. ಮೆಡಿಸಿನ್ ವೈದ್ಯರಿಂದ ಆರಂಭಿಸಿ. ಬಳ್ಳಾರಿಯಲ್ಲಿ ಜನ ಇವತ್ತಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ನರರೋಗ ತಜ್ಞರು ಯಾವ ದಿನ ಕೂರುತ್ತಾರೆ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಗೊಂದಲ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿಗೆ ಒಮ್ಮೆ ತೋರಿಸಿದ ಮೇಲೆ ಪ್ರತಿ ಸಲ ಕರೆದುಕೊಂಡು ಹೋಗುವ ಬದಲು ಫೋನ್ ಅಥವಾ ವಿಡಿಯೊ ಮೂಲಕ ಮುಂದುವರಿಸಲು ಆಗುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊರಡುವವರು ಕೆಳಗಿನ ಬರ್ತನ್ನೇ ಕೇಳಿ ಪಡೆಯಿರಿ, ಗುಳಿಗೆ ಡಬ್ಬಿಯನ್ನು ಸೀಟಿನ ಕೆಳಗಿನ ಬ್ಯಾಗಿಗೆ ಹಾಕದೆ ಜೇಬಿನಲ್ಲಿಟ್ಟುಕೊಳ್ಳಿ.

ಒಯ್ಯಬೇಕಾದ್ದು: ಈಗಿನ ಎಲ್ಲ ಗುಳಿಗೆಗಳ ಖಾಲಿ ಪಟ್ಟಿಗಳು, ಹಳೆಯ ಚೀಟಿಗಳು, ಹಳೆಯ ಸಹಿ ಇರುವ ಒಂದು ಕಾಗದ, ಮತ್ತು ಮೊಬೈಲ್ ವಿಡಿಯೊ. ವಿಡಿಯೊ ಒಂದು ನಿಮಿಷದ್ದಾದರೆ ಸಾಕು: ಕುರ್ಚಿಯಿಂದ ಏಳುವುದು, ಹತ್ತು ಹೆಜ್ಜೆ ನಡೆದು ತಿರುಗಿ ಬರುವುದು, ಬೆರಳು ತಟ್ಟುವುದು. ಆಸ್ಪತ್ರೆಯ ಕೋಣೆಯಲ್ಲಿ ಎಷ್ಟೋ ಜನ ಮನೆಗಿಂತ ಚುರುಕಾಗಿ ಕಾಣುತ್ತಾರೆ. ವಿಡಿಯೊ ಇಲ್ಲದಿದ್ದರೆ “ಮನ್ಯಾಗ ಹಿಂಗಿರಂಗಿಲ್ರೀ” ಎಂದು ಹೇಳಿಯೇ ಬರಬೇಕಾಗುತ್ತದೆ.

ಕೆಲಸದ ವಿವರವನ್ನೂ ಹೇಳಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ವರ್ಷಗಟ್ಟಲೆ ಔಷಧ ಹೊಡೆದವರು, ಅದರಲ್ಲೂ ಪ್ಯಾರಾಕ್ವಾಟ್ ಕಳೆನಾಶಕ ಬಳಸಿದವರು ಅದನ್ನು ತಿಳಿಸಬೇಕು. ಪ್ಯಾರಾಕ್ವಾಟ್‌ಗೂ ಪಾರ್ಕಿನ್ಸನ್‌ಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಸಂಡೂರಿನ ಮೈನ್ಸ್‌ನಲ್ಲಿ ದುಡಿದವರು ಅಲ್ಲಿ ಕಬ್ಬಿಣದ ಅದಿರಿನ ಕೆಲಸವೋ ಮ್ಯಾಂಗನೀಸ್ ಅದಿರಿನದೋ ಎಂಬುದನ್ನೂ ಹೇಳಿ. ಮ್ಯಾಂಗನೀಸ್ ದೂಳನ್ನು ಬಹಳ ಕಾಲ ಉಸಿರಾಡಿದರೆ ಪಾರ್ಕಿನ್ಸನ್ ಥರದ್ದೇ ಇನ್ನೊಂದು ಕಾಯಿಲೆ ಬರಬಹುದು, ಪಾರ್ಕಿನ್ಸನ್ ಗುಳಿಗೆ ಅದಕ್ಕೆ ಅಷ್ಟಾಗಿ ಹತ್ತುವುದಿಲ್ಲ.

ಎಂಆರ್‌ಐ ಬಗ್ಗೆ ಒಂದು ಎಚ್ಚರಿಕೆ. ಪಾರ್ಕಿನ್ಸನ್ ಇದ್ದವರ ಸಾಮಾನ್ಯ ಎಂಆರ್‌ಐ ನಾರ್ಮಲ್ ಎಂದು ಬರುವುದೇ ಹೆಚ್ಚು. ಅದನ್ನು ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ರಿಪೋರ್ಟ್ ನಾರ್ಮಲ್ ಬಂತೆಂದು ಗುಳಿಗೆ ಬಿಟ್ಟವರಿದ್ದಾರೆ. ಹಾಗೆ ಮಾಡಬೇಡಿ, ಇದನ್ನು ಪತ್ತೆ ಮಾಡುವುದು ವೈದ್ಯರ ಕಣ್ಣು ಮತ್ತು ಕೈ. ಮೊದಲ ವರ್ಷದಲ್ಲೇ ಪದೇ ಪದೇ ಬೀಳುವುದು, ಸಾಕಷ್ಟು ಡೋಸ್ ಕೊಟ್ಟರೂ ಏನೂ ಫರಕು ಕಾಣದಿರುವುದು, ಬಹುಬೇಗ ಮರೆವು ಶುರುವಾಗುವುದು: ಇವು ಕಂಡರೆ ಬೇರೆ ಕಾಯಿಲೆಯ ಅನುಮಾನದಿಂದ ಮತ್ತೊಮ್ಮೆ ತೋರಿಸಬೇಕು.

ಹಂತ 4: ಗುಳಿಗೆಯ ಹೊತ್ತು

ಮುಖ್ಯ ಔಷಧ ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಗುಳಿಗೆ. ಮಿದುಳು ಲೆವೊಡೋಪಾವನ್ನು ಡೋಪಮೈನ್ ಆಗಿ ಮಾಡಿಕೊಳ್ಳುತ್ತದೆ. ದಾರಿಯಲ್ಲೇ, ಅಂದರೆ ರಕ್ತದಲ್ಲೇ ಅದು ಖರ್ಚಾಗಿ ವಾಕರಿಕೆ ತರದಂತೆ ಕಾಯುವುದು ಕಾರ್ಬಿಡೋಪಾ.

ಪಟ್ಟಿಯ ಮೇಲಿನ ಸಂಖ್ಯೆ ಎರಡೂ ಔಷಧಗಳ ಮೊತ್ತ. 110 ಅಂದರೆ ಲೆವೊಡೋಪಾ 100, ಕಾರ್ಬಿಡೋಪಾ 10 ಮಿಲಿಗ್ರಾಂ. 125 ಅಂದರೆ 100 ಮತ್ತು 25. 275 ಅಂದರೆ 250 ಮತ್ತು 25. ಅಂಗಡಿಯಲ್ಲಿ “110 ಇಲ್ಲ, 275 ಐತಿ, ಅದೇ ಔಷಧ” ಎಂದರೆ ತರಬೇಡಿ, ಅದು ಎರಡೂವರೆ ಪಟ್ಟು ಡೋಸ್. ಕಾರ್ಬಿಡೋಪಾ ತನ್ನ ಕೆಲಸ ಸರಿಯಾಗಿ ಮಾಡಲು ದಿನಕ್ಕೆ 70ರಿಂದ 100 ಮಿಲಿಗ್ರಾಂ ಬೇಕು. 110ರ ಗುಳಿಗೆಯನ್ನು ಮೂರು ಸಲ ನುಂಗಿದರೆ ಸಿಗುವುದು 30 ಮಾತ್ರ. ವಾಕರಿಕೆ ತಡೆಯಲಾಗದೆ ಔಷಧವನ್ನೇ ಬಿಡುವ ಮೊದಲು “125ಕ್ಕೆ ಬದಲಿಸಬಹುದೇ?” ಎಂದು ವೈದ್ಯರನ್ನು ಕೇಳಿ. ವಾಂತಿಗೆ ಗುಳಿಗೆ ಬೇಕೇ ಆದರೆ ಡೊಂಪೆರಿಡೋನ್ ಆದೀತು, ಮೆಟೊಕ್ಲೊಪ್ರಮೈಡ್ ಬೇಡ. ಹೃದಯದ ತೊಂದರೆ ಇದ್ದವರು ಡೊಂಪೆರಿಡೋನ್ ತೆಗೆದುಕೊಳ್ಳುವ ಮೊದಲೂ ವೈದ್ಯರನ್ನು ಕೇಳಬೇಕು.

ಇನ್ನು ಹೊತ್ತು. ಲೆವೊಡೋಪಾ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಒಂದೂವರೆ ಗಂಟೆಯಲ್ಲೇ ಅರ್ಧಕ್ಕರ್ಧ ಇಳಿದಿರುತ್ತದೆ. ಕಾಯಿಲೆಯ ಆರಂಭದಲ್ಲಿ ಮಿದುಳಿನಲ್ಲಿ ಉಳಿದ ಕೋಶಗಳು ಡೋಪಮೈನ್ ಕೂಡಿಟ್ಟುಕೊಳ್ಳುವುದರಿಂದ ಏರುಪೇರು ಗೊತ್ತಾಗುವುದಿಲ್ಲ. ವರ್ಷ ಕಳೆದಂತೆ ಆ ಕೂಡಿಡುವ ಶಕ್ತಿ ಹೋಗಿ, ಗುಳಿಗೆ ಹತ್ತಿದಾಗ ಓಡಾಟ, ಇಳಿದಾಗ ಕಟ್ಟಿಹಾಕಿದಂತೆ ಆಗುತ್ತದೆ. ವೈದ್ಯರು ಇವನ್ನೇ ಆನ್, ಆಫ್ ಎನ್ನುವುದು. ಆಗ ಅರ್ಧ ಗಂಟೆಯ ತಡವೂ ಎದ್ದು ಕಾಣುತ್ತದೆ.

ಚೀಟಿಯಲ್ಲಿ 1-1-1 ಎಂದಿದ್ದರೆ ನಮ್ಮ ಮನೆಗಳಲ್ಲಿ ಅದನ್ನು “ನಾಷ್ಟಾ, ಊಟ, ರಾತ್ರಿ ಊಟ ಆದಮೇಲೆ” ಎಂದು ಓದಿಕೊಳ್ಳುತ್ತೇವೆ. ತಪ್ಪು ಶುರುವಾಗುವುದೇ ಅಲ್ಲಿ. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟುವ ಬಾಗಿಲಲ್ಲಿ ಬೇಳೆ, ಕಾಳು, ಹಾಲು, ಮೊಟ್ಟೆ, ಮಾಂಸದ ಪ್ರೋಟೀನೂ ಸಾಲಿನಲ್ಲಿ ನಿಂತಿರುತ್ತದೆ. ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿಕೊಂಡು ರೊಟ್ಟಿ ಉಂಡು ಕೂಡಲೇ ಗುಳಿಗೆ ನುಂಗಿದರೆ ಅದು ಹೊಟ್ಟೆಯಲ್ಲೇ ಕಾಯುತ್ತಾ ಕೂರುತ್ತದೆ. “ಒಮ್ಮೆ ಹತ್ತತೈತಿ, ಒಮ್ಮೆ ಹತ್ತಂಗಿಲ್ಲ” ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಹಾಗಾದರೆ ಹೀಗೆ ಮಾಡಿ:

1. ವೈದ್ಯರಿಂದ ಗಂಟೆ ಬರೆಸಿಕೊಳ್ಳಿ. ದಿನಕ್ಕೆ ನಾಲ್ಕು ಸಲವಾದರೆ ಬೆಳಿಗ್ಗೆ 7, 11, ಮಧ್ಯಾಹ್ನ 3, ಸಂಜೆ 7 ಹೀಗೆ. ಇದು ಮಾದರಿ ಮಾತ್ರ, ನಿಮ್ಮದು ಬೇರೆ ಇರಬಹುದು.
2. ಮೊಬೈಲ್‌ನಲ್ಲಿ ಅಷ್ಟೂ ಹೊತ್ತಿಗೆ ಅಲಾರಂ ಇಡಿ. ಹೊಲಕ್ಕೆ ಹೋಗುವವರಾದರೆ ಅಂಗಿಯ ಜೇಬಿಗೆ ಒಂದು ಗುಳಿಗೆ, ಕೈಯಲ್ಲಿ ನೀರಿನ ಬಾಟಲಿ.
3. ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದೂವರೆ ಎರಡು ಗಂಟೆಯ ನಂತರ ಕೊಡಿ. ಪೂರ್ತಿ ಒಂದು ಲೋಟ ನೀರಿನ ಜೊತೆ. ಹಾಲಿನಲ್ಲಿ ಬೇಡ.
4. ಮೊದಲ ವಾರಗಳಲ್ಲಿ ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಒಂದು ಬಾಳೆಹಣ್ಣು ಅಥವಾ ಒಂದೆರಡು ಬಿಸ್ಕತ್ತಿನ ಜೊತೆ ಕೊಡಬಹುದು.
5. ಕಬ್ಬಿಣಾಂಶದ ಗುಳಿಗೆ ಇದ್ದರೆ ಎರಡರ ನಡುವೆ 2 ಗಂಟೆ ಅಂತರವಿರಲಿ. ಕಬ್ಬಿಣ ಲೆವೊಡೋಪಾವನ್ನು ಹಿಡಿದಿಟ್ಟುಕೊಳ್ಳುತ್ತದೆ.
6. ಸಿಆರ್ ಎಂದು ಬರೆದಿರುವ ಗುಳಿಗೆ ನಿಧಾನವಾಗಿ ಕರಗುವಂಥದ್ದು. ಅದನ್ನು ಕುಟ್ಟಿ ಪುಡಿ ಮಾಡಬೇಡಿ, ಜಗಿಯಲು ಕೊಡಬೇಡಿ.

ಪ್ರೋಟೀನ್ ಅಡ್ಡಿ ಎಂದು ಬೇಳೆ ಕಾಳು ಬಿಡಿಸುವುದು ಇನ್ನೊಂದು ತಪ್ಪು. ಮೊದಲೇ ತೂಕ ಇಳಿಯುವ ಕಾಯಿಲೆ ಇದು. ಹಗಲು ಓಡಾಟ ಬೇಕಾದ ಹೊತ್ತಿನಲ್ಲಿ ಕಾಳು, ಮೊಸರು ಕಡಿಮೆ ಮಾಡಿ, ರಾತ್ರಿ ಊಟಕ್ಕೆ ಜಾಸ್ತಿ ಹಾಕಿ. ಆರಂಭದ ವರ್ಷಗಳಲ್ಲಿ ಏರುಪೇರು ಕಾಣದಿದ್ದರೆ ಅಷ್ಟೂ ಬೇಕಿಲ್ಲ.

ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯ. ಎರಡು ಮೂರು ದಿನ ಪೂರ್ತಿ ತಪ್ಪಿದರೆ ವಿಪರೀತ ಬಿಗಿತ, ಜೋರು ಜ್ವರ, ಅರೆಪ್ರಜ್ಞೆ ಬಂದು ಜೀವಕ್ಕೇ ಕುತ್ತಾಗಬಹುದು. ಏಕಾದಶಿ, ಶ್ರಾವಣ ಸೋಮವಾರ ಏನೇ ಇರಲಿ, ಗುಳಿಗೆ ಬಿಡಬಾರದು. ರಂಜಾನ್ ತಿಂಗಳಲ್ಲಿ ರೋಜಾ ಇಡುವವರು ಚಂದ್ರ ಕಾಣುವ ಮೊದಲೇ ವೈದ್ಯರನ್ನು ಕಂಡು, ಇಡಬಹುದೇ, ಇಟ್ಟರೆ ಗುಳಿಗೆ ಹೇಗೆ ಎಂದು ಕೇಳಿಕೊಳ್ಳಬೇಕು. ಮನೆಯಲ್ಲಿ ಯಾವಾಗಲೂ 15 ದಿನಕ್ಕಾಗುವಷ್ಟು ದಾಸ್ತಾನಿರಲಿ, ಅಡುಗೆಮನೆಯ ಶಾಖದಿಂದ ದೂರ ಇಡಿ. ಮೂತ್ರ, ಬೆವರು ಕೆಂಪು ಅಥವಾ ಕಪ್ಪು ಛಾಯೆಗೆ ತಿರುಗಿದರೆ ಅದು ಲೆವೊಡೋಪಾದ ಬಣ್ಣ ಇದ್ದೀತು. ಉರಿ, ಜ್ವರ ಇದ್ದರೆ ಮಾತ್ರ ಬೇರೆ ಮಾತು.

ಬೇರೆ ಔಷಧಗಳ ಬಗ್ಗೆ ಚುಟುಕಾಗಿ. ಟ್ರೈಹೆಕ್ಸಿಫೆನಿಡಿಲ್ ಅಗ್ಗದ್ದು, ನಡುಕಕ್ಕೆ ಒಳ್ಳೆಯದು, ಆದರೆ 65 ದಾಟಿದವರಲ್ಲಿ ಮರೆವು, ಗಲಿಬಿಲಿ, ಮೂತ್ರ ಕಟ್ಟುವುದು, ಇಲ್ಲದ್ದು ಕಾಣುವುದು ಇವನ್ನೆಲ್ಲ ತರಬಹುದು. ಪ್ರಮಿಪೆಕ್ಸೋಲ್, ರೋಪಿನಿರೋಲ್ ನುಂಗುವವರು ಇದ್ದಕ್ಕಿದ್ದಂತೆ ಇಸ್ಪೀಟು, ಆನ್‌ಲೈನ್ ಜೂಜು, ಬೇಡದ ಖರೀದಿಗೆ ಬಿದ್ದರೆ ಅದು ಗುಣಗೆಟ್ಟಿದ್ದಲ್ಲ, ಔಷಧದ ಅಡ್ಡಪರಿಣಾಮ. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದಕ್ಕೇ ಅಪಾಯ: ಗುಳಿಗೆಯ ಜೊತೆ ಆ ಚೂರ್ಣವನ್ನೂ ತಿಂದರೆ ಒಟ್ಟು ಡೋಸ್ ಎಷ್ಟಾಯಿತೆಂದು ಯಾರಿಗೂ ಲೆಕ್ಕ ಸಿಗುವುದಿಲ್ಲ. ಸ್ಟೆಮ್ ಸೆಲ್ ಹೆಸರಿನಲ್ಲಿ ಗುಣಪಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರಿಗೆ ಹೊಲ ಮಾರಿ ಕೊಡಬೇಡಿ. ಡಿಬಿಎಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸೆ ಬೇರೆ ವಿಷಯ. ಅದು ನಿಜವಾದ ಚಿಕಿತ್ಸೆ, ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ಲೆವೊಡೋಪಾ ಚೆನ್ನಾಗಿ ಹತ್ತುತ್ತಿದ್ದು, ಏರುಪೇರು ಹತೋಟಿಗೆ ಬಾರದ ಆಯ್ದ ಕೆಲವರಿಗೆ ಮಾತ್ರ ಅದು ಒಗ್ಗುತ್ತದೆ.

ಹಂತ 5: ಮೂರು ದಿನದ ಲೆಕ್ಕ

ಮುಂದಿನ ಭೇಟಿಗೆ ಮೊದಲು ಮೂರು ದಿನ ಒಂದು ನೋಟ್‌ಬುಕ್ ಇಡಿ. ಎಚ್ಚರವಿರುವ ಪ್ರತಿ ಗಂಟೆಗೆ ಒಂದು ಗೆರೆ. ಓಡಾಟ ಚೆನ್ನಾಗಿದ್ದರೆ “ಚೆ”, ಬಿಗಿ ಅಥವಾ ನಡುಕವಿದ್ದರೆ “ಬಿ”, ಮೈ ತಾನೇ ತಾನಾಗಿ ಬಳುಕುತ್ತಿದ್ದರೆ “ಬಳು”, ನಿದ್ದೆಗೆ “ನಿ”. ಗುಳಿಗೆ ನುಂಗಿದ ನಿಜವಾದ ಹೊತ್ತನ್ನೂ ಊಟದ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ. ಬಳುಕಾಟವನ್ನು ಎಷ್ಟೋ ಮನೆಗಳಲ್ಲಿ ನಡುಕವೆಂದೇ ಹೇಳುತ್ತಾರೆ. ವೈದ್ಯರು ಅದನ್ನು ನಂಬಿ ಡೋಸ್ ಏರಿಸಿದರೆ ಬಳುಕಾಟ ಇನ್ನೂ ಜಾಸ್ತಿಯಾಗುತ್ತದೆ, ಯಾಕೆಂದರೆ ಅದು ಸಾಮಾನ್ಯವಾಗಿ ಔಷಧ ಹೆಚ್ಚಾದ ಹೊತ್ತಿನದು. ನಡುಕ ಒಂದೇ ತಾಳದಲ್ಲಿ ಇರುತ್ತದೆ, ಬಳುಕಾಟಕ್ಕೆ ತಾಳವಿಲ್ಲ.

ಹಂತ 6: ನಡಿಗೆ ಮತ್ತು ಮನೆ

ಹೊಸ್ತಿಲ ಬಳಿ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಇದನ್ನು ಫ್ರೀಜಿಂಗ್ ಎನ್ನುತ್ತಾರೆ. ಇಕ್ಕಟ್ಟಾದ ಜಾಗ, ತಿರುವು, ಜನಜಂಗುಳಿ, ಅವಸರ ಇವೆಲ್ಲ ಅದನ್ನು ತರುತ್ತವೆ. ಆಗ ಕೈ ಹಿಡಿದು ಎಳೆಯಬೇಡಿ. ಕಾಲು ಅಲ್ಲೇ ಉಳಿದು ಮೈ ಮುಂದೆ ಬಂದು ಬೀಳುತ್ತಾರೆ. ಹೀಗೆ ಹೇಳಿ: ನಿಲ್ಲು. ನೆಟ್ಟಗಾಗು. ಮೈಯನ್ನು ಎಡಕ್ಕೂ ಬಲಕ್ಕೂ ತೂಗು. ಈಗ ದೊಡ್ಡ ಹೆಜ್ಜೆ ಇಡು. ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು ದಾಟಲು ಹೇಳಿದರೂ ಕೆಲಸ ಮಾಡುತ್ತದೆ. ಸಿಗಿಬೀಳುವ ಜಾಗದಲ್ಲಿ ನೆಲಕ್ಕೆ ಬಣ್ಣದ ಟೇಪಿನ ಗೆರೆಗಳನ್ನು ಒಂದೂವರೆ ಅಡಿ ಅಂತರದಲ್ಲಿ ಅಂಟಿಸಿ. ಭಜನೆಯ ತಾಳಕ್ಕೆ ಹೆಜ್ಜೆ ಹಾಕುವುದೂ ಒಳ್ಳೆಯ ಉಪಾಯ. ತಾನಾಗಿ ಏಳದ ಹೆಜ್ಜೆ ಹೊರಗಿನ ತಾಳಕ್ಕೋ ಗೆರೆಗೋ ಏಳುತ್ತದೆ.

ತಿರುಗುವಾಗ ನಿಂತಲ್ಲೇ ಗಿರ್ರನೆ ತಿರುಗಬಾರದು, ಅಗಲವಾಗಿ ಸುತ್ತಿಕೊಂಡು ಬರಬೇಕು. ನಡೆಯುವಾಗ ಎರಡೂ ಕೈಯಲ್ಲಿ ಸಾಮಾನು ಬೇಡ.

ಮನೆಯಲ್ಲಿ ಬದಲಿಸಬೇಕಾದ್ದು ಇಷ್ಟು. ಬಾಗಿಲ ಬಳಿಯ ಗೋಣಿಚೀಲದ ಒರಸು ತೆಗೆಯಿರಿ. ಶಹಾಬಾದ್ ಕಲ್ಲಿನ ಬಚ್ಚಲು ಒದ್ದೆಯಾದರೆ ಜಾರುತ್ತದೆ, ಅಲ್ಲಿ ರಬ್ಬರ್ ಚಾಪೆ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಭದ್ರವಾದ ಕಂಬಿ ಇರಲಿ. ನಲ್ಲಿಯನ್ನೋ ಟವೆಲ್ ಸರಳನ್ನೋ ಕಂಬಿ ಎಂದು ನಂಬಿದರೆ ಕಿತ್ತು ಬರುತ್ತದೆ. ತಗ್ಗಾಗಿ ಜೋತುಬಿದ್ದ ಹೊರಸಿನಿಂದ ಏಳುವುದು ಬಹಳ ಕಷ್ಟ, 18ರಿಂದ 20 ಇಂಚು ಎತ್ತರದ ಗಟ್ಟಿ ಮಂಚ ಬೇಕು. ಹವಾಯಿ ಚಪ್ಪಲಿ ಬಿಡಿ, ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿ. ರಾತ್ರಿ ಮಂಚದಿಂದ ಬಚ್ಚಲವರೆಗೆ ಸಣ್ಣ ದೀಪ ಉರಿಯುತ್ತಿರಲಿ.

ಕುರ್ಚಿಯಿಂದ ಏಳುವ ಕ್ರಮ: ಅಂಚಿಗೆ ಸರಿಯಿರಿ, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳಿ, ಮೂಗು ಕಾಲ್ಬೆರಳುಗಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ, ಒಂದು ಎರಡು ಮೂರು ಎಂದು ಎದ್ದೇಳಿ.

ದಿನಾ ಅರ್ಧ ಗಂಟೆಯ ವ್ಯಾಯಾಮವನ್ನು ಔಷಧದಂತೆಯೇ ಲೆಕ್ಕಕ್ಕೆ ಹಿಡಿಯಿರಿ. ಕೈ ಬೀಸಿ, ಹಿಮ್ಮಡಿ ಮೊದಲು ಊರಿ, ದೊಡ್ಡ ಹೆಜ್ಜೆಯ ನಡಿಗೆ. ಗುಳಿಗೆ ಹತ್ತಿದ ಹೊತ್ತಿನಲ್ಲೇ ಮಾಡಿ, ಇಳಿದ ಹೊತ್ತಿನಲ್ಲಿ ಒತ್ತಾಯ ಬೇಡ.

ಹಂತ 7: ಊಟ, ನುಂಗುವುದು, ಬೇಸಿಗೆ

ಊಟ ಮಾಡುವಾಗ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಆಹಾರ ಶ್ವಾಸನಾಳದ ಕಡೆ ಜಾರುತ್ತಿದೆ ಎಂದರ್ಥ. ಪಾರ್ಕಿನ್ಸನ್ ಇರುವವರಿಗೆ ಮುಂದೆ ನ್ಯುಮೋನಿಯಾ ಬರಲು ಇದೇ ದೊಡ್ಡ ದಾರಿ. ಕಟಕ್ ರೊಟ್ಟಿ, ಒಣ ಶೇಂಗಾ ಚಟ್ನಿ ಪುಡಿ, ಒಗ್ಗರಣೆ ಮಂಡಕ್ಕಿ ಈ ಮೂರೂ ಗಂಟಲಿಗೆ ಸಿಗುವಂಥವು. ಬಿಸಿ ಮೆತ್ತನೆ ರೊಟ್ಟಿಯನ್ನು ಬೇಳೆಸಾರಿನಲ್ಲಿ ಮುರಿದು ನೆನೆಸಿ ಕೊಡಿ, ಇಲ್ಲವೇ ಜೋಳದ ನುಚ್ಚು, ಸಂಗಟಿ. ತೆಳು ನೀರಿಗಿಂತ ಗಂಜಿಯ ಹದದ ಅಂಬಲಿಯನ್ನು ನುಂಗುವುದು ಕೆಲವರಿಗೆ ಸುಲಭ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಮಲಗಬಾರದು. ತೊಂದರೆ ಹೆಚ್ಚಿದ್ದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ, ನುಂಗುವುದನ್ನು ಕಲಿಸುವವರೂ ಅವರೇ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವಾಗ ಇನ್ನೊಂದು ತೊಂದರೆ. ಪಾರ್ಕಿನ್ಸನ್‌ನಿಂದಲೂ ಅದರ ಔಷಧದಿಂದಲೂ ಎದ್ದು ನಿಂತಾಗ ಬಿಪಿ ಇಳಿಯುತ್ತದೆ. ಬೆವರಿ ನೀರು ಕಡಿಮೆಯಾದರೆ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20, ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರಿಗೆ ತಿಳಿಸಿ. ಹಳೆಯ ಬಿಪಿ ಗುಳಿಗೆ ಈಗ ಹೆಚ್ಚಾಗಿರಬಹುದು. ಹೃದಯ, ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಒಂದೂವರೆ ಎರಡು ಲೀಟರ್ ನೀರು ಬೇಕು. ಮಲಬದ್ಧತೆಗೂ ಅದೇ ಮೊದಲ ಮದ್ದು. ಹೊಟ್ಟೆ ಕಟ್ಟಿದ ದಿನ ಗುಳಿಗೆಯೂ ಸರಿಯಾಗಿ ಹತ್ತುವುದಿಲ್ಲ.

ಹಂತ 8: ಮುಖ, ಮಾತು, ಮನಸ್ಸು

ಮುಖದ ಸ್ನಾಯುಗಳು ಬಿಗಿದು ನಗು ಸಿಟ್ಟು ಏನೂ ಕಾಣದಂತಾಗುತ್ತದೆ. “ಮಾವನೋರು ಯಾವಾಗ್ಲೂ ಮಕ ಗಂಟಿಕ್ಕೊಂಡಿರ್ತಾರ” ಎಂದು ಸೊಸೆ ನೊಂದುಕೊಳ್ಳುವುದಕ್ಕೆ ಎಷ್ಟೋ ಸಲ ಕಾರಣ ಕಾಯಿಲೆ. ದನಿ ಸಣ್ಣದಾದವರಿಗೆ ದಿನಾ ಹತ್ತು ಸಲ ಜೋರಾಗಿ, ಉಸಿರು ಇರುವಷ್ಟು ಹೊತ್ತು “ಆ” ಎನ್ನಿಸಿ, ತತ್ವಪದ ಗೊತ್ತಿದ್ದವರಿಂದ ಗಟ್ಟಿಯಾಗಿ ಹಾಡಿಸಿ. ಖಿನ್ನತೆ ಈ ಕಾಯಿಲೆಯ ಭಾಗವೇ ಆಗಿ ಬರುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಮನಸ್ಸಿನ ಮಾತಿಗೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು, ಉಚಿತ. ನೋಡಿಕೊಳ್ಳುವವರೂ ಮಾಡಬಹುದು, ಮಾಡಬೇಕು ಕೂಡ. ಇಲ್ಲದ ಮನುಷ್ಯರು, ಹುಳ ಹುಪ್ಪಟೆ ಕಾಣುತ್ತವೆ ಎಂದರೆ ವಾದ ಮಾಡಬೇಡಿ, ಮಂತ್ರ ಹಾಕಿಸಲು ಓಡಬೇಡಿ. ಅದೇ ವಾರ ಗುಳಿಗೆ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ.

ಹಂತ 9: ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರು ಹಿಡಿದೇ ಸೇರಿದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆಧಾರ್, ಫೋಟೊ, ವೈದ್ಯರ ದಾಖಲೆ ಬೇಕು. ಸರ್ಕಾರಿ ಸೌಲಭ್ಯಗಳಲ್ಲಿ ಹೆಚ್ಚಿನವಕ್ಕೆ 40 ಪ್ರತಿಶತ ಅಥವಾ ಮೇಲ್ಪಟ್ಟ ಅಂಗವೈಕಲ್ಯದ ಪ್ರಮಾಣ ಬೇಕಾಗುತ್ತದೆ. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ತಪಾಸಣೆಗೆ ಹೋಗುವಾಗ ಹಂತ 5ರ ನೋಟ್‌ಬುಕ್ ಮತ್ತು ಆಫ್ ಹೊತ್ತಿನ ವಿಡಿಯೊ ಒಯ್ಯಿರಿ. ಗುಳಿಗೆ ಹತ್ತಿದ ಹೊತ್ತಿನಲ್ಲಿ ತಪಾಸಣೆ ಮಾಡುವ ವೈದ್ಯಕೀಯ ಮಂಡಳಿಯ ಮುಂದೆ ನಿಂತರೆ ದಿನದ ಅರ್ಧ ಕಷ್ಟ ಅವರಿಗೆ ಕಾಣುವುದೇ ಇಲ್ಲ.

ಪಿಂಚಣಿದಾರರ ನವೆಂಬರ್ ತಿಂಗಳ ಜೀವನ ಪ್ರಮಾಣಪತ್ರ ಇದಕ್ಕೆ ತಿರುಗಾಮುರುಗಾ. ಮೊಬೈಲ್ ಮುಖ ಗುರುತಿಗೆ ಕಣ್ಣು ಮಿಟುಕಿಸಬೇಕು, ಬೆರಳಚ್ಚಿಗೆ ಕೈ ನಿಲ್ಲಬೇಕು. ಗುಳಿಗೆ ನುಂಗಿ ಒಂದು ಗಂಟೆಯ ಮೇಲೆ ಕೂರಿಸಿ. ಬ್ಯಾಂಕ್ ಖಾತೆಗೆ ಸಹಿ ಇನ್ನೂ ಹೊಂದುವಾಗಲೇ ಮನೆಯವರೊಬ್ಬರ ಹೆಸರು ಸೇರಿಸಿ. 70 ದಾಟಿದವರಿಗೂ ಅಂಗವಿಕಲರಿಗೂ ಮನೆಬಾಗಿಲಿಗೆ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಕೇಳಿ ಪಡೆಯಿರಿ.

ಹಂತ 10: ಊರಿಗೆ ತಿಳಿಸುವುದು

ತೂರಾಡುವ ನಡಿಗೆ, ತೊದಲು ಮಾತು ಕಂಡು ಕುಡಿದಿದ್ದಾರೆ ಎಂದುಕೊಳ್ಳುವವರೇ ಹೆಚ್ಚು. ಜೇಬಿನಲ್ಲಿ ಒಂದು ಚೀಟಿ ಇರಲಿ: “ನನಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಕುಡಿದಿಲ್ಲ. ನಿಧಾನಕ್ಕೆ ಬಿಡಿ, ಎಳೆಯಬೇಡಿ.” ಕೆಳಗೆ ಮನೆಯವರ ಫೋನ್ ನಂಬರ್, ಗುಳಿಗೆಯ ಹೆಸರು ಮತ್ತು ಗಂಟೆ. ಕೆಕೆಆರ್‌ಟಿಸಿ ಬಸ್ಸು ಹತ್ತುವಾಗ ಕಂಡಕ್ಟರ್‌ಗೆ ಇದನ್ನು ತೋರಿಸಿದರೆ ಅರ್ಧ ನಿಮಿಷ ಹೆಚ್ಚು ನಿಲ್ಲಿಸುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಯಂಥ ಜನಸಂದಣಿಗೆ ಹೋಗಲೇಬೇಕೆಂದರೆ ಬೆಳಿಗ್ಗೆ ಬೇಗ, ಗುಳಿಗೆ ಹತ್ತಿದ ಹೊತ್ತಿಗೆ, ಇಬ್ಬರ ಜೊತೆ.

ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಬ್ಯಾನರ್ ಕಟ್ಟಿ ಭಾಷಣ ಮಾಡಿಸುವುದಕ್ಕಿಂತ ಆಶಾ ಕಾರ್ಯಕರ್ತೆಯರನ್ನು ಒಂದು ಗಂಟೆ ಕೂರಿಸಿ ಹಂತ 1ರ ಬೆರಳು ತಟ್ಟುವ ಪರೀಕ್ಷೆ ಮತ್ತು ಹಂತ 2ರ ಗುಳಿಗೆ ಹೆಸರುಗಳನ್ನು ತೋರಿಸಿಕೊಡಿ. ಊರಿನ ಮೆಡಿಕಲ್ ಶಾಪಿನವರನ್ನೂ ಕರೆಯಿರಿ. ಗ್ಯಾಸಿನ ಗುಳಿಗೆ ಮಾರುವವರು ಅವರೇ.

ಹಂತ 11: ಆಸ್ಪತ್ರೆಗೆ ಸೇರಿಸಿದಾಗ

ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಹದಗೆಟ್ಟರೆ ಅದು ಸಾಮಾನ್ಯವಾಗಿ ಪಾರ್ಕಿನ್ಸನ್ ಏರಿದ್ದಲ್ಲ. ಮೂತ್ರದ ಸೋಂಕು, ಎದೆಯ ಸೋಂಕು, ಮಲ ಕಟ್ಟಿದ್ದು, ಗುಳಿಗೆ ತಪ್ಪಿದ್ದು, ಹೊಸ ಔಷಧ ಇವುಗಳಲ್ಲಿ ಒಂದು ಕಾರಣ ಹೆಚ್ಚಾಗಿ ಇರುತ್ತದೆ. ಜ್ವರದೊಂದಿಗೆ ಬಿಗಿತ, ತಲೆಗೆ ಪೆಟ್ಟು, ನೀರೂ ನುಂಗಲಾಗದಿರುವುದು, ಪ್ರಜ್ಞೆ ತಪ್ಪುವುದು ಇವಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.

ಭರ್ತಿ ಮಾಡಿದ ಕೂಡಲೇ ನರ್ಸ್‌ಗೂ ಡ್ಯೂಟಿ ಡಾಕ್ಟರ್‌ಗೂ ಮೂರು ವಿಷಯ ಬರೆದುಕೊಡಿ. ಪಾರ್ಕಿನ್ಸನ್ ಗುಳಿಗೆಯ ಹೆಸರು, ಮಿಲಿಗ್ರಾಂ, ಗಂಟೆ. ವಾಂತಿಗೆ ಮೆಟೊಕ್ಲೊಪ್ರಮೈಡ್, ಗಲಾಟೆ ಮಾಡಿದರೆ ಹ್ಯಾಲೊಪೆರಿಡಾಲ್ ಕೊಡಬಾರದೆಂಬುದು. ಬಾಯಿಯಿಂದ ನುಂಗಲಾಗದಿದ್ದರೆ ಮೂಗಿನ ಕೊಳವೆಯಿಂದಾದರೂ ಕೊಡುವ ಬಗ್ಗೆ ಯೋಚಿಸಬೇಕೆಂಬುದು. ವಾರ್ಡಿನಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಔಷಧ ಹಂಚುತ್ತಾರೆ, ನಿಮ್ಮವರ 11 ಗಂಟೆಯ ಗುಳಿಗೆ ಅಲ್ಲಿ 2ಕ್ಕೆ ಬರಬಹುದು. ಮನೆಯ ಡಬ್ಬಿಯನ್ನು ಜೊತೆಗೆ ಒಯ್ದು, ನರ್ಸ್‌ಗೆ ತಿಳಿಸಿ, ಹೊತ್ತಿಗೆ ಸರಿಯಾಗಿ ಕೊಡಲು ಅನುಮತಿ ಕೇಳಿ. ಆಪರೇಷನ್ ಇದ್ದರೆ ಬೆಳಗಿನ ಗುಳಿಗೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದೇ ಎಂದು ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಕೇಳಿಡಿ.